ಸ್ಥಾವರಗಳ ಸಂಚಾರ

ಜೀವಕೋಟಿಯನ್ನು ಸ್ಥಾವರವೆಂದೂ ಜಂಗಮವೆಂದೂ ಎರಡು ಪಂಗಡ ಮಾಡಿ, ಗಿಡಮರಬಳ್ಳಿಗಳನ್ನು ಮೊದಲನೆಯದಕ್ಕೂ ಪಶುಪಕ್ಷಿಮನುಷ್ಯರನ್ನು ಎರಡನೆಯದಕ್ಕೂ ಸೇರಿಸಿಬಿಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಹಸು ಮೇವಿದ್ದ ಕಡೆಗೆ ನಡೆದು ಹೋಗುತ್ತದೆ. ಹಲಸಿನ ಮರ ನೆಟ್ಟ ಕಡೆಯೇ ನಿಂತಿರುತ್ತದೆ. ಇದರಲ್ಲಿ ಸಂಶಯಪಡತಕ್ಕದ್ದೇನಿದೆ ಎಂದು ನೀವು ಕೇಳಬಹುದು. ಸಂಶಯಕ್ಕೆ ಎಡೆಯಿದೆ. ಆ ಹಲಸಿನ ಬೇರು ನೀರಿದ್ದ ಕಡೆಗೆ ಹೋಗಿದೆ. ಅದರ ಕೊಂಬೆ ಬೆಳಕಿದ್ದ ಕಡೆಗೆ ಹೋಗಿದೆ. ಅಡ್ಡ ಬಂದ ಗೋಡೆಯನ್ನು ಬಳಸಿಕೊಂಡು ಆಚೆಗೂ ಹೋಗಿದೆ. ಹೋದದ್ದು ನಿಜ, ಹೋದ ರೀತಿ ಮಾತ್ರ ಬೇರೆ. ಹಸು ಮುಂದಕ್ಕೆ ಅಡಿಯಿಟ್ಟಾಗ ಹಿಂದಿನ ಸ್ಥಳವನ್ನು ಬಿಡುತ್ತದೆ. ಮರ ಹಿಂದಿನ ಸ್ಥಳವನ್ನು ಬಿಡದೆಯೇ ಮುಂದಿನ ಸ್ಥಳವನ್ನು ಸೇರುತ್ತದೆ. ಬೆಳೆಯುವುದೇ ಅದರ ನಡೆಯುವ ಕ್ರಮ.

ನನಗೆ ದೊರೆತಿರುವ ಈ ಅವಧಿಯಲ್ಲಿ ಹೇಳಬೇಕೆಂದಿರುವುದು ಇದೊಂದೇ ವಿಷಯ. ಗಿಡದಲ್ಲಿ ಬೆಳವಣಿಗೆಯೂ ಚಲನೆಯೂ ಒಂದೇ ಕ್ರಿಯೆ. ಪ್ರಾಣಿಯಲ್ಲಿ ಅವು ಬೇರ್ಪಟ್ಟುವು. ಬೇರ್ಪಟ್ಟ ಮೇಲೆಯೂ ಒಂದರ ಹಂಗು ಇನ್ನೊಂದಕ್ಕೆ ತಪ್ಪಲಿಲ್ಲ.

ಬಾನುಲಿಯಲ್ಲಿ ಚಿತ್ರವನ್ನು ತೋರಿಸುವಂತಿಲ್ಲ. ಆದುದರಿಂದ ನೀವು ಕಂಡಿರುವುದನ್ನೇ ನೆನಪಿಗೆ ತಂದುಕೊಳ್ಳಿರೆಂದು ಕೇಳುತ್ತೇನೆ. ಮದುವೆಯ ಮನೆಯಲ್ಲಿ ಅಂಕುರಾರ್ಪಣೆ ಮಾಡಿದ ಪಾಲಿಕೆಗಳನ್ನು ನೋಡಿದ್ದೀರಿ. ನಡುಮನೆಯ ಅರೆಗತ್ತಲೆಯಲ್ಲಿ ನವಧಾನ್ಯದ ಮೊಳಕೆಗಳು ಬಿಳಿಚಿಕೊಂಡು, ಬಯಲಿನ ಪೈರಿಗಿಂತ ಬೇಗ ಉದ್ದವಾಗಿ, ಎಲ್ಲವೂ ಒಂದೇ ಕಡೆಗೆ ವಾಲಿರುತ್ತವೆ. ಆ ಕಡೆ ಯಾವುದು? ಬಾಗಿಲು, ಅಥವಾ ಕಿಟಕಿ. ಪಾಲಿಕೆಯನ್ನು ಅರ್ಧ ಸುತ್ತು ತಿರುಗಿಸಿಟ್ಟರೆ, ಮರುದಿನದ ಹೊತ್ತಿಗೆ ಮೊಳಕೆಯ ತುದಿಗಳೆಲ್ಲ ಮತ್ತೆ ಬಾಗಿಲ ಕಡೆಗೇ ಮುಖಮಾಡಿರುತ್ತವೆ. ಮೊಳಕೆಗೆ ಸ್ನಾಯುವಿಲ್ಲ, ಕೀಲಿಲ್ಲ, ನರವಿಲ್ಲ. ಹಾಗಾದರೆ ಅದು ತಿರುಗಿದ್ದು ಹೇಗೆ?

ಉತ್ತರ ಬಹು ಸರಳವಾಗಿದೆ. ಬೆಳಕು ಬಿದ್ದ ಪಾರ್ಶ್ವಕ್ಕಿಂತ ನೆರಳಿನ ಪಾರ್ಶ್ವ ಹೆಚ್ಚು ಬೆಳೆಯುತ್ತದೆ. ಸುಗ್ಗಿಯ ಕಣದಲ್ಲಿ ಮೇಟಿಗೆ ಸಾಲಾಗಿ ಕಟ್ಟಿದ ಎತ್ತುಗಳನ್ನು ಜ್ಞಾಪಿಸಿಕೊಳ್ಳಿ. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದಂತೆ ಕಾಣುವಾಗ ಹೊರಗಡೆಯ ಎತ್ತು ದಾಪುಗಾಲು ಹಾಕಲೇಬೇಕು; ಹೊರಗಿನದು ಹೆಚ್ಚು ನಡೆದುದರಿಂದಲೇ ಸಾಲು ಒಳಕ್ಕೆ ತಿರುಗುತ್ತದೆ. ಮೊಳಕೆಯೂ ಹಾಗೆಯೇ. ಒಂದು ಮಗ್ಗುಲು ಹೆಚ್ಚು ಉದ್ದವಾಯಿತು, ಇನ್ನೊಂದು ಕಡಮೆ ಉದ್ದವಾಯಿತು, ಕಾಂಡ ಬಾಗಿತು. ಬಾಗುವುದಕ್ಕೆಂದು ಪ್ರತ್ಯೇಕವಾದ ಯಂತ್ರವೇನೂ ಅಲ್ಲಿಲ್ಲ. ಬೆಳವಣಿಗೆಯ ಪಕ್ಷಪಾತವೇ ಆ ಯಂತ್ರ.

ಈ ಪಕ್ಷಪಾತಕ್ಕೆ ಅಪ್ಪಣೆ ಕೊಡುವವರಾರು? ಇದನ್ನು ವಿಚಾರಿಸಿದವರಲ್ಲಿ ಚಾರ್ಲ್ಸ್ ಡಾರ್ವಿನ್ನನೂ ಒಬ್ಬ. ಜೀವಿಗಳ ವಿಕಾಸವಾದದಿಂದ ಜಗತ್ತನ್ನೇ ಅಲ್ಲಾಡಿಸಿದ ಆ ಮಹಾಶಯನು, ಎಪ್ಪತ್ತರ ಆಸುಪಾಸಿನ ವೃದ್ಧಾಪ್ಯದಲ್ಲಿ, ತನ್ನ ಮಗ ಫ್ರಾನ್ಸಿಸನೊಡನೆ ಹುಲ್ಲಿನ ಮೊಳಕೆಗಳಿಗೆ ಟೋಪಿ ತೊಡಿಸುತ್ತ ಕುಳಿತಿದ್ದನೆಂಬುದು ನನಗಂತೂ ಅವನ ಮೇಲಿನ ಗೌರವವನ್ನು ಹೆಚ್ಚಿಸುವ ಸಂಗತಿ. ಸಸ್ಯಗಳ ಚಲನಶಕ್ತಿಯನ್ನು ಕುರಿತು ತಂದೆಮಕ್ಕಳ ಗ್ರಂಥ 1880ರಲ್ಲಿ ಪ್ರಕಟವಾಯಿತು. ಅವರು ಮಾಡಿದ್ದಿಷ್ಟು. ಎಳೆಯ ಮೊಳಕೆಯ ತುದಿಗೆ ಬೆಳಕು ತಾಗದಂತೆ ತವರದ ತೆಳುಹಾಳೆಯ ಪುಟ್ಟ ಕವಚ ಹಾಕಿದರು. ಮೊಳಕೆ ಬಾಗಲಿಲ್ಲ. ಬೇರೆ ಮೊಳಕೆಗಳನ್ನು ತುದಿ ಮಾತ್ರ ಹೊರಗುಳಿಯುವಂತೆ ನುಣ್ಣನೆಯ ಕಪ್ಪು ಮರಳಿನಲ್ಲಿ ಹೂತರು. ಅವು ಬಾಗಿದುವು, ಆದರೆ ಬಾಗಿದ್ದು ತುದಿಯಲ್ಲಿ ಅಲ್ಲ, ಬೆಳಕೇ ಕಾಣದ ಕೆಳಭಾಗದಲ್ಲಿ. ಬೆಳಕನ್ನು ತಿಳಿದುಕೊಳ್ಳುವ ಸ್ಥಾನ ಮೇಲೆ, ಬೆಳೆದು ಬಾಗುವ ಸ್ಥಾನ ಕೆಳಗೆ. ಹಾಗಿದ್ದ ಮೇಲೆ ಮೇಲಿನಿಂದ ಕೆಳಕ್ಕೆ ಏನೋ ಒಂದು ಸಂದೇಶ ಇಳಿದುಬರಬೇಕು.

ಆ ಸಂದೇಶವಾಹಕವು ಕೈಗೆ ಸಿಕ್ಕಿದ್ದು ಸುಮಾರು ಅರ್ಧ ಶತಮಾನ ಕಳೆದ ಮೇಲೆ. ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ ಫ್ರಿಟ್ಸ್ ವೆಂಟ್ ಎಂಬ ತರುಣ, 1926ರಲ್ಲಿ, ಓಟ್ಸ್ ಮೊಳಕೆಯ ತುದಿಗಳನ್ನು ಕತ್ತರಿಸಿ, ಅಗರ್ ಎಂಬ ಲೋಳೆಯ ಬಿಲ್ಲೆಯ ಮೇಲೆ ಕೆಲವು ಗಂಟೆಗಳ ಕಾಲ ಇಟ್ಟನು. ಅನಂತರ ತುದಿಗಳನ್ನು ಬಿಸುಟು, ಬರಿಯ ಲೋಳೆಯ ತುಣುಕನ್ನು ತಲೆ ಕಡಿದ ಇನ್ನೊಂದು ಮೊಳಕೆಯ ಮೇಲೆ, ನಡುವೆ ಇಡದೆ ಒಂದು ಮಗ್ಗುಲಿಗೆ ಸರಿಸಿ ಇಟ್ಟನು. ಗಾಢವಾದ ಕತ್ತಲೆಯಲ್ಲಿಯೂ ಮೊಳಕೆ ಬಾಗಿತು. ತುದಿಯಲ್ಲಿದ್ದ ಯಾವುದೋ ದ್ರವ್ಯ ಲೋಳೆಗೆ ಇಳಿದು, ಲೋಳೆಯಿಂದ ಮೊಳಕೆಯ ಒಂದೇ ಪಾರ್ಶ್ವಕ್ಕೆ ಇಳಿದು, ಆ ಪಾರ್ಶ್ವವನ್ನು ಹೆಚ್ಚು ಬೆಳೆಸಿತು. ಈ ದ್ರವ್ಯಕ್ಕೆ ಆಕ್ಸಿನ್ ಎಂದು ಹೆಸರು. ಬೆಳಕು ಒಂದು ಕಡೆಯಿಂದ ಬಿದ್ದಾಗ ಆಕ್ಸಿನ್ ನೆರಳಿನ ಕಡೆಗೆ ಸರಿದು ಸೇರುತ್ತದೆ. ಅದೇ ಉಟ್ರೆಕ್ಟಿನಲ್ಲಿ ಕೋಗ್ಲ್ ಎಂಬ ರಸಾಯನಶಾಸ್ತ್ರಜ್ಞನು 1934ರಲ್ಲಿ ಈ ವಸ್ತುವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು ಗಿಡದಿಂದಲ್ಲ, ಮನುಷ್ಯನ ಮೂತ್ರದಿಂದ. ಪ್ರಕೃತಿಯು ತನ್ನ ರಹಸ್ಯಗಳನ್ನು ಎಲ್ಲೆಲ್ಲಿ ಇರಿಸಿರುತ್ತಾಳೋ ಹೇಳಬರುವಂತಿಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ಕೂಡಿಸಿಕೊಳ್ಳೋಣ. ಮೊಳಕೆ ಬಾಗುವುದು ಬೆಳೆಯುವುದರಿಂದ. ಎರಡು ಪಾರ್ಶ್ವಗಳು ಸಮನಾಗಿ ಬೆಳೆಯದೆ ಇರುವುದರಿಂದ. ಆ ಅಸಮತೆಯನ್ನು ಉಂಟುಮಾಡುವುದು ತುದಿಯಿಂದ ಇಳಿಯುವ ಒಂದು ದ್ರವ್ಯ. ಈಗ ಬೆಳಕನ್ನು ಬಿಟ್ಟು ಭೂಮಿಯ ಆಕರ್ಷಣೆಯ ಕಡೆಗೆ ಬರೋಣ.

ಕಾಳನ್ನು ಹೇಗೆ ಬಿತ್ತಿದರೂ ಬೇರು ಕೆಳಕ್ಕೆ, ಕುಡಿ ಮೇಲಕ್ಕೆ ಹೋಗುತ್ತದೆ. ರೈತನು ಬಿತ್ತುವಾಗ ಪ್ರತಿಯೊಂದು ಕಾಳಿನ ತಲೆಬುಡ ನೋಡಿ ಇಡುವುದಿಲ್ಲ. ನೋಡಿ ಇಡಬೇಕಾಗಿದ್ದರೆ ಬಿತ್ತನೆಯ ಕೆಲಸ ಯುಗಾಂತರಕ್ಕೂ ಮುಗಿಯುತ್ತಿರಲಿಲ್ಲ. ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್ ಎಂಬ ತೋಟಗಾರ ವಿದ್ವಾಂಸನು 1806ರಲ್ಲಿ ಇದಕ್ಕೆ ಕಾರಣ ಭೂಮಿಯ ಸೆಳೆತವೆಂಬುದನ್ನು ಒಂದು ಸೊಗಸಾದ ಉಪಾಯದಿಂದ ತೋರಿಸಿಕೊಟ್ಟನು. ನೀರಿನ ಹರಿವಿನಿಂದ ತಿರುಗುವ ಚಕ್ರವೊಂದರ ಅಂಚಿಗೆ ಕಾಳುಗಳನ್ನು ಕಟ್ಟಿ, ಅದು ನಿಮಿಷಕ್ಕೆ ಸುಮಾರು 150 ಸುತ್ತು ತಿರುಗುವಂತೆ ಮಾಡಿದನು. ಅಷ್ಟು ವೇಗದಲ್ಲಿ ತಿರುಗುವ ಕಾಳಿಗೆ ಮೇಲು ಕೆಳಗೆಂಬ ಭೇದವೇ ಉಳಿಯದು. ಹೊರಕ್ಕೆ ಎಸೆಯುವ ಬಲವೊಂದೇ ಅದಕ್ಕೆ ಗೊತ್ತು. ಬೇರುಗಳೆಲ್ಲ ಹೊರಕ್ಕೆ ಬೆಳೆದುವು, ಕುಡಿಗಳೆಲ್ಲ ಚಕ್ರದ ನಡುಗುಂಬದ ಕಡೆಗೆ ಬೆಳೆದುವು. ಈ ನೈಟ್ ಮಹಾಶಯನ ಹೆಸರನ್ನು ನೆನಪಿನಲ್ಲಿಟ್ಟುಕೊಂಡಿರಿ; ಕಡೆಯಲ್ಲಿ ಮತ್ತೆ ಬೇಕಾಗುತ್ತಾನೆ.

ಬೇರು ಎಲ್ಲಿ ಬೆಳೆಯುತ್ತದೆಂಬುದನ್ನು ನಿಮ್ಮ ಮನೆಯ ಮಕ್ಕಳು ತಾವೇ ಕಂಡುಕೊಳ್ಳಬಹುದು. ನೆನೆಸಿದ ಅವರೆಕಾಳು ಒದ್ದೆ ಬಟ್ಟೆಯಲ್ಲಿ ಮೊಳೆತು, ಬೇರು ಹೆಬ್ಬೆರಳಿನ ಉಗುರಿನಷ್ಟು ಉದ್ದವಾದಾಗ, ಹೊಲಿಗೆಯ ದಾರವನ್ನು ಮಸಿಯಲ್ಲಿ ಅದ್ದಿ, ಬೇರಿಗೆ ಮೆಲ್ಲನೆ ತಾಗಿಸಿ, ತುದಿಯಿಂದ ಬುಡದವರೆಗೂ ಒತ್ತೊತ್ತಾಗಿ ಸಮದೂರದ ಗೆರೆಗಳನ್ನು ಹಾಕಿಸಿರಿ. ಮರುದಿನ ನೋಡಿದರೆ ಬುಡದ ಗೆರೆಗಳು ಇದ್ದಂತೆಯೇ ಇರುತ್ತವೆ. ತುದಿಯ ಸಮೀಪದ ಎರಡು ಮೂರು ಗೆರೆಗಳು ಮಾತ್ರ ಒಂದರಿಂದೊಂದು ದೂರ ಸರಿದು, ಮಸಿ ಹಿಗ್ಗಿ ಮಸುಕಾಗಿರುತ್ತದೆ. ಜರ್ಮನಿಯ ಯೂಲಿಯಸ್ ಸ್ಯಾಕ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಹೀಗೆಯೇ ಗುರುತು ಹಾಕಿ ಬೇರಿನ ಬೆಳವಣಿಗೆಯನ್ನು ಅಳೆದನು. ಬೇರೆಂಬುದು ಇಡಿಯಾಗಿ ಬೆಳೆಯುವುದಿಲ್ಲ. ತುದಿಯ ಹಿಂದಿನ ಸ್ವಲ್ಪ ಜಾಗ ಮಾತ್ರ ಬೆಳೆಯುತ್ತದೆ. ಬಾಗುವುದೂ ಅಲ್ಲಿಯೇ. ಬೆಳೆದು ಮುಗಿದ ಭಾಗಕ್ಕೆ ಬಾಗುವ ಅಧಿಕಾರವಿಲ್ಲ.

ಈ ಕಡೆಯ ವಾಕ್ಯಕ್ಕೆ ನಮ್ಮ ಹೊಲಗಳಲ್ಲಿಯೇ ಸಾಕ್ಷಿ ದೊರೆಯುತ್ತದೆ. ಎಳೆಯ ರಾಗಿಯ ಪೈರು ಗಾಳಿಮಳೆಗೆ ನೆಲಕ್ಕೆ ಮಲಗಿಬಿಟ್ಟರೆ ಅನುಭವಿಯಾದ ರೈತ ಅಷ್ಟಾಗಿ ಎದೆಗೆಡುವುದಿಲ್ಲ. ಎರಡು ಮೂರು ದಿನ ಬಿಟ್ಟು ಹೋಗಿ ನೋಡಿದರೆ ಪೈರು ತಲೆಯೆತ್ತಿರುತ್ತದೆ. ಬಗ್ಗಿ ಒಂದು ದಂಟನ್ನು ಕೈಯಲ್ಲಿ ಹಿಡಿದು ನೋಡಿರಿ. ಗೆಣ್ಣಿಗೂ ಗೆಣ್ಣಿಗೂ ನಡುವಿನ ಭಾಗ ನೆಟ್ಟಗೇ ಇದೆ, ಬಾಗಿರುವುದು ಗೆಣ್ಣಿನಲ್ಲಿ. ಗೆಣ್ಣಿನ ಬಳಿ ಎಲೆಯ ಒರೆಯ ಬುಡದಲ್ಲಿ ಕೆಳಮಗ್ಗುಲು ಉಬ್ಬಿ ಉದ್ದವಾಗಿದೆ, ಮೇಲ್ಮಗ್ಗುಲು ಗಿಡ್ಡವಾಗಿಯೇ ಉಳಿದಿದೆ. ಒಂದು ಗೆಣ್ಣು ಸ್ವಲ್ಪ ಎತ್ತಿತು, ಮುಂದಿನದು ಇನ್ನಷ್ಟು ಎತ್ತಿತು, ಹೀಗೆ ಗೆಣ್ಣುಗೆಣ್ಣಾಗಿ ಪೈರು ಎದ್ದಿತು. ನಿಂತ ಪೈರಿನಲ್ಲಿ ಬೆಳವಣಿಗೆ ನಿಲ್ಲಿಸಿ ಸುಮ್ಮನಿದ್ದ ಆ ಭಾಗಗಳು, ಬಿದ್ದಾಗ ಮತ್ತೆ ಬೆಳೆಯುವ ಶಕ್ತಿಯನ್ನು ಮುಡಿಪಾಗಿ ಇಟ್ಟುಕೊಂಡಿದ್ದುವು. ಆದರೆ ತೆನೆ ಬಲಿತು ದಂಟು ಒಣಗತೊಡಗಿದ ಮೇಲೆ ಬಿದ್ದ ಪೈರು ಏಳದು. ಶಕ್ತಿ ಕುಂದಿತೆಂದಲ್ಲ, ಬೆಳವಣಿಗೆ ಮುಗಿಯಿತು. ಬೆಳವಣಿಗೆಯೊಡನೆ ಚಲನೆಯೂ ಮುಗಿಯಿತು.

ಬಳ್ಳಿಗಳ ಮಾತನ್ನು ಬೇಗನೆ ಹೇಳಿ ಮುಂದೆ ಹೋಗುತ್ತೇನೆ. ಚಪ್ಪರದ ಅವರೆಯ ಕುಡಿ ಆಧಾರವನ್ನು ಹುಡುಕುತ್ತ ಗಾಳಿಯಲ್ಲಿ ಸುತ್ತು ಹಾಕುತ್ತದೆ. ಡಾರ್ವಿನ್ ಕಾಯಿಲೆಯಿಂದ ಕೊಠಡಿಯಲ್ಲಿ ಮಲಗಿದ್ದಾಗ ಹಾಪ್ ಎಂಬ ಬಳ್ಳಿಯ ಕುಂಡವನ್ನು ತನ್ನ ಬಳಿ ಇರಿಸಿಕೊಂಡು, ಅದರ ಕುಡಿ ಸುಮಾರು ಎರಡು ಗಂಟೆಗೆ ಒಂದು ಪ್ರದಕ್ಷಿಣೆ ಮಾಡುವುದನ್ನು ಲೆಕ್ಕ ಹಾಕಿದ್ದನು. ಕಾಂಡದ ಸುತ್ತಲೂ ಬೆಳವಣಿಗೆಯ ಸರದಿ ಪಾರ್ಶ್ವದಿಂದ ಪಾರ್ಶ್ವಕ್ಕೆ ತಿರುಗುತ್ತ ಹೋಗುವುದೇ ಈ ಪ್ರದಕ್ಷಿಣೆಗೆ ಕಾರಣ. ಹಾಗಲಬಳ್ಳಿಯ ಲತಾತಂತು ಇನ್ನೂ ಜಾಣತನದ್ದು. ತುದಿ ಒಂದು ಕಡ್ಡಿಯನ್ನು ಹಿಡಿದುಕೊಂಡ ಮೇಲೆ ಉಳಿದ ಭಾಗ ನುಲಿದುಕೊಂಡು ಬಳ್ಳಿಯನ್ನು ಹತ್ತಿರಕ್ಕೆ ಎಳೆಯುತ್ತದೆ. ಎರಡು ಕೊನೆಗಳೂ ಬಿಗಿಯಾಗಿರುವ ಎಳೆಯನ್ನು ಒಂದೇ ದಿಕ್ಕಿಗೆ ನುಲಿಯಲಾಗದು. ಆದುದರಿಂದ ಅರ್ಧ ನುಲಿ ಬಲಕ್ಕೆ, ಅರ್ಧ ಎಡಕ್ಕೆ. ನಡುವೆ ದಿಕ್ಕು ಬದಲಾಗುವ ಒಂದು ಸಣ್ಣ ತಿರುವು. ನಾಳೆ ಹಿತ್ತಿಲಲ್ಲಿ ಬಳ್ಳಿಯಿದ್ದರೆ ಅದನ್ನು ಹುಡುಕಿ ನೋಡಿರಿ.

ಬೆಳಕು, ಭೂಮಿ, ಆಧಾರ, ಈ ಮೂರನ್ನೂ ಗಿಡ ಬೆಳೆಯುತ್ತಲೇ ಅರಸುತ್ತದೆಂದಾಯಿತು. ಆದರೆ ಬಾಗಿದ ಗಿಡ ಮತ್ತೆ ಹಿಂದಕ್ಕೆ ಬರಬಲ್ಲುದೆ? ಸೂರ್ಯಕಾಂತಿಯನ್ನು ಕೇಳೋಣ.

ಗದಗ, ಕೊಪ್ಪಳ, ರಾಯಚೂರುಗಳ ಎರೆಹೊಲಗಳಲ್ಲಿ ಸೂರ್ಯಕಾಂತಿಯನ್ನು ಬೆಳೆಯುವವರಿಗೆ ನಾನು ಹೇಳುವುದು ಹೊಸದಾಗಿರಲಾರದು. ಈ ಗಿಡ ಸೂರ್ಯನನ್ನು ಹಿಂಬಾಲಿಸುತ್ತದೆಂಬ ಮಾತು ಲೋಕಪ್ರಸಿದ್ಧವಾಗಿದೆ. ಕವಿಗಳಂತೂ ಅದನ್ನು ಸವೆಸಿಬಿಟ್ಟಿದ್ದಾರೆ. ಆದರೆ ಪೂರ್ಣವಾಗಿ ಅರಳಿದ ಹೂವು ಸೂರ್ಯನನ್ನು ಹಿಂಬಾಲಿಸುವುದಿಲ್ಲ. ಅರಳಿದ ಹೊಲದಲ್ಲಿ ಸಾಯಂಕಾಲ ನಿಂತು ನೋಡಿದರೆ ಹೂಗಳೆಲ್ಲ ಅಸ್ತಮಿಸುವ ಸೂರ್ಯನಿಗೆ ಬೆನ್ನುಮಾಡಿ ಪೂರ್ವಕ್ಕೆ ಮುಖಮಾಡಿರುತ್ತವೆ. ಹಿಂಬಾಲಿಸುವುದು ಎಳೆಯ ಗಿಡ, ಮೊಗ್ಗು ಬಿರಿಯುವುದಕ್ಕೆ ಮೊದಲು. ಹಗಲಿನಲ್ಲಿ ಕಾಂಡದ ಪೂರ್ವ ಮಗ್ಗುಲು ಹೆಚ್ಚು ಬೆಳೆದು ತುದಿಯನ್ನು ಪಶ್ಚಿಮಕ್ಕೆ ತಳ್ಳುತ್ತದೆ. ರಾತ್ರಿ ಪಶ್ಚಿಮ ಮಗ್ಗುಲು ಹೆಚ್ಚು ಬೆಳೆದು, ಸೂರ್ಯೋದಯಕ್ಕೆ ಮುಂಚೆಯೇ ತುದಿಯನ್ನು ಪೂರ್ವಕ್ಕೆ ತಂದು ನಿಲ್ಲಿಸುತ್ತದೆ. ಕ್ಯಾಲಿಫೋರ್ನಿಯದ ಸಂಶೋಧಕರು ಕಾಂಡದ ಎರಡು ಕಡೆಗಳಲ್ಲಿಯೂ ಮಸಿಯ ಚುಕ್ಕೆಗಳನ್ನಿಟ್ಟು, ಅವುಗಳ ನಡುವಣ ಅಂತರ ಹಗಲಿರುಳು ಹೇಗೆ ಹೆಚ್ಚುತ್ತದೆಂಬುದನ್ನು ಅಳೆದು, ಈ ಸಂಗತಿಗಳನ್ನು 2016ರಲ್ಲಿ ಪ್ರಕಟಿಸಿದರು. ಸ್ಯಾಕ್ಸನ ಮಸಿಯ ಗೆರೆಗಳು ಇಷ್ಟು ವರ್ಷಗಳ ಮೇಲೂ ಕೆಲಸಕ್ಕೆ ಬಂದುವು. ನೆಟ್ಟಗೆ ಮೇಲಿನಿಂದ ಬೆಳಕು ಬೀರುವ, ಕದಲದ ಕೃತಕ ದೀಪದಡಿಯಲ್ಲಿ ಇರಿಸಿದಾಗಲೂ ಗಿಡಗಳು ಕೆಲವು ದಿನ ಪೂರ್ವಪಶ್ಚಿಮವಾಗಿ ತೂಗಾಡಿದುವು. ಎಂದರೆ ಬೆಳಕಿನ ಪ್ರೇರಣೆಯೊಂದೇ ಅಲ್ಲ, ಹಗಲಿರುಳಿನ ಲೆಕ್ಕವಿಡುವ ಗಡಿಯಾರವೂ ಗಿಡದೊಳಗೇ ಇದೆ. ಬೆಳವಣಿಗೆಯ ದ್ರವ್ಯ ಕಡಮೆಯಾಗಿ ಕುಳ್ಳಾಗಿ ಹುಟ್ಟಿದ ಗಿಡಗಳು ತಿರುಗಲಿಲ್ಲ. ತಿರುಗದಂತೆ ಕಟ್ಟಿಹಾಕಿದ ಗಿಡಗಳ ಬೆಳೆತ ಸುಮಾರು ಹತ್ತರಲ್ಲಿ ಒಂದು ಪಾಲು ತಗ್ಗಿತು.

ಗಮನಿಸಿರಿ. ಸೂರ್ಯಕಾಂತಿ ಹಿಂದಕ್ಕೆ ತಿರುಗಿದ್ದು ನಿಜ. ಆದರೆ ಹಗಲು ಬೆಳೆದದ್ದನ್ನು ಅದು ರಾತ್ರಿ ಹಿಂತೆಗೆದುಕೊಳ್ಳಲಿಲ್ಲ. ಇನ್ನೊಂದು ಕಡೆಯೂ ಅಷ್ಟೇ ಬೆಳೆದು ಸರಿದೂಗಿಸಿತು. ಹೋಗುವುದಕ್ಕೂ ಬೆಳೆಯಬೇಕು, ಬರುವುದಕ್ಕೂ ಬೆಳೆಯಬೇಕು. ಕಾಂಡದ ಬೆಳವಣಿಗೆ ಮುಗಿದ ದಿನ ಈ ಯಾತ್ರೆಯೂ ಮುಗಿದು, ಹೂವು ಪೂರ್ವಾಭಿಮುಖವಾಗಿ ನಿಂತುಬಿಡುತ್ತದೆ. ಅದರಿಂದ ನಷ್ಟವೇನಿಲ್ಲ. ಪೂರ್ವಕ್ಕೆ ಮುಖಮಾಡಿದ ಹೂವು ಬೆಳಗಿನಲ್ಲಿ ಬೇಗ ಬೆಚ್ಚಗಾಗುತ್ತದೆ; ಜೇನುನೊಣಗಳು ಬೆಚ್ಚನೆಯ ಹೂವನ್ನೇ ಹೆಚ್ಚಾಗಿ ಅರಸಿ ಬರುತ್ತವೆ.

ಇದುವರೆಗೆ ಹೇಳಿದ ಚಲನೆಗಳೆಲ್ಲಕ್ಕೂ ಎರಡು ಕೊರತೆಗಳಿವೆ. ಅವು ನಿಧಾನ, ಮತ್ತು ಅವುಗಳಿಗೆ ಖರ್ಚು ಹೆಚ್ಚು. ಒಮ್ಮೆ ಉದ್ದವಾದ ಕೋಶ ಮತ್ತೆ ಗಿಡ್ಡವಾಗದು. ಪಶ್ಚಿಮಘಟ್ಟದ ತೇವದ ಬಯಲುಗಳಲ್ಲಿ ಡ್ರಾಸೆರಾ ಎಂಬ ಪುಟ್ಟ ಕೀಟಾಹಾರಿ ಗಿಡವಿದೆ. ಎಲೆಯ ಮೇಲಿನ ಅಂಟುರೋಮಗಳಿಗೆ ನುಸಿ ಸಿಕ್ಕಿದೊಡನೆ ಅವು ಬಾಗಿ ಅದನ್ನು ಮುತ್ತಿಕೊಳ್ಳುತ್ತವೆ. ಆ ಬಾಗುವಿಕೆಯೂ ಬೆಳವಣಿಗೆಯೇ. ಆದುದರಿಂದ ಒಂದೊಂದು ರೋಮಕ್ಕೂ ಕೆಲವೇ ಬಾರಿ ಬಾಗುವ ಯೋಗ. ದಿನಕ್ಕೆ ಹತ್ತು ಸಲ ಅಲ್ಲಾಡಬೇಕಾದ ಗಿಡಕ್ಕೆ ಈ ಕ್ರಮ ಒದಗುವುದಿಲ್ಲ. ಅಂತಹ ಗಿಡ ಮಾಡಿಕೊಂಡ ಬೇರೆ ಏರ್ಪಾಡನ್ನು ನಾವು ದಾರಿಯ ಬದಿಯಲ್ಲಿಯೇ ಕಾಣುತ್ತೇವೆ.

ಮುಟ್ಟಿದರೆ ಮುನಿಯನ್ನು ಮುಟ್ಟದವರು ಯಾರು? ಅದರ ತೊಟ್ಟಿನ ಬುಡದಲ್ಲಿಯೂ ಒಂದೊಂದು ಕಿರುಎಲೆಯ ಬುಡದಲ್ಲಿಯೂ ಸಣ್ಣ ಗುಬುಟುಗಳಿವೆ. ಅವುಗಳೊಳಗಿನ ಕೋಶಗಳು ನೀರು ತುಂಬಿ ಬಿಗಿದಿರುತ್ತವೆ. ಮುಟ್ಟಿದಾಗ ಒಂದು ಮಗ್ಗುಲ ಕೋಶಗಳು ನೀರನ್ನು ಚೆಲ್ಲಿ ಸಡಿಲವಾಗುತ್ತವೆ. ಕ್ಷಣಮಾತ್ರದಲ್ಲಿ ಎಲೆ ಮಡಿಚಿ ತೊಟ್ಟು ಜೋತುಬೀಳುತ್ತದೆ. ಕಾಲು ಗಂಟೆಯ ಹೊತ್ತಿಗೆ ನೀರು ಮರಳಿ ಎಲೆ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಬೆಳವಣಿಗೆಯಿಲ್ಲ, ನೀರಿನ ವರ್ಗಾವಣೆ ಮಾತ್ರ. ಸಸ್ಯವರ್ಗದಲ್ಲಿ ಬೆಳವಣಿಗೆಯಿಂದ ಬಿಡುಗಡೆ ಹೊಂದಿದ ಚಲನೆ ಎಂದರೆ ಇದೇ.

ಈ ಎರಡು ಬಗೆಯ ಚಲನೆಗಳನ್ನೂ ಯಂತ್ರದಿಂದ ಬರೆಯಿಸಿ ತೋರಿಸಿದವರು ನಮ್ಮ ದೇಶದ ಜಗದೀಶಚಂದ್ರ ಬೋಸರು. ಅವರು ನಿರ್ಮಿಸಿದ ಕ್ರೆಸ್ಕೊಗ್ರಾಫ್ ಗಿಡದ ಬೆಳವಣಿಗೆಯನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ, ಮಸಿ ಹಿಡಿಸಿದ ಗಾಜಿನ ಮೇಲೆ ಚುಕ್ಕೆಚುಕ್ಕೆಯಾಗಿ ಬರೆಯುತ್ತಿತ್ತು. ದಿನಗಟ್ಟಲೆ ಕಾದು ಕಾಣಬೇಕಾದುದನ್ನು ಸಭೆಯ ಜನ ಕುಳಿತಲ್ಲೇ ಕೆಲವು ಕ್ಷಣಗಳಲ್ಲಿ ಕಂಡರು. ಬಂಗಾಳದ ಫರೀದಪುರದಲ್ಲಿ ಒಂದು ಖರ್ಜೂರದ ಮರ ಸಂಜೆಯ ಪೂಜೆಯ ಹೊತ್ತಿಗೆ ತಲೆಬಾಗಿ ಬೆಳಗಿನಲ್ಲಿ ಏಳುತ್ತದೆಂದು ಜನ ಅದಕ್ಕೆ ಕೈಮುಗಿಯುತ್ತಿದ್ದರು. ಬೋಸರು ತಮ್ಮ ಯಂತ್ರವನ್ನು ಅದಕ್ಕೆ ಜೋಡಿಸಿ, ಹಗಲಿರುಳಿನ ಉಷ್ಣತೆಯ ಏರಿಳಿತಕ್ಕೆ ಅನುಸಾರವಾಗಿ ಮರ ಏಳುತ್ತ ಬಾಗುತ್ತ ಇರುವುದನ್ನು ತೋರಿಸಿದರು. ಗಿಡಗಳಿಗೆ ಪ್ರಾಣಿಗಳಂತೆ ನರಗಳುಂಟೆಂದು ಅವರು ಸಾರಿದ ಮಾತು ವಿವಾದಕ್ಕೆ ಎಡೆಯಾಯಿತು, ಅದನ್ನು ಒಪ್ಪದವರು ಇಂದಿಗೂ ಅನೇಕರಿದ್ದಾರೆ. ಆದರೆ ಅವರ ಯಂತ್ರಗಳ ಸೂಕ್ಷ್ಮತೆ ಮೆಚ್ಚುಗೆ ಪಡೆಯಿತು. ನನ್ನ ಮಟ್ಟಿಗೆ, ಬೋಸರ ತತ್ತ್ವಕ್ಕಿಂತ ಅವರ ಗಾಜಿನ ಮೇಲಿನ ಚುಕ್ಕೆಗಳೇ ಹೆಚ್ಚು ಬೆಲೆಯುಳ್ಳವು.

ಶ್ರೋತೃಗಳೇ, ಇನ್ನು ಪ್ರಾಣಿಗಳ ಕಡೆಗೆ ಹೊರಳುವ ಮುನ್ನ ಮತ್ತೊಮ್ಮೆ ಹೇಳುತ್ತೇನೆ. ಗಿಡ ಸಾಮಾನ್ಯವಾಗಿ ಬೆಳೆದು ಚಲಿಸುತ್ತದೆ. ಬೆಳೆಯದೆ ಚಲಿಸುವುದಕ್ಕೆ ಕೆಲವು ಗಿಡಗಳಲ್ಲಿ ನೀರಿನ ಕೀಲುಗಳಿವೆ. ಪ್ರಾಣಿಗಳಲ್ಲಿ ಬೆಳೆಯದೆ ಚಲಿಸುವುದೇ ನಿಯಮ. ಕೆಲವು ಪ್ರಾಣಿಗಳಂತೂ ಈ ಎರಡನ್ನೂ ಆಯುಷ್ಯದ ಬೇರೆಬೇರೆ ಭಾಗಗಳಿಗೆ ಹಂಚಿಬಿಟ್ಟಿವೆ.

ರಾಮನಗರ, ಶಿಡ್ಲಘಟ್ಟಗಳ ಕಡೆಯ ರೇಷ್ಮೆ ಬೆಳೆಗಾರರ ಮನೆಯಲ್ಲಿ ಈ ಹಂಚಿಕೆ ಪ್ರತಿ ಬೆಳೆಯಲ್ಲಿಯೂ ನಡೆಯುತ್ತದೆ. ಮೊಟ್ಟೆಯೊಡೆದ ಮರಿಹುಳು ಇರುವೆಯಷ್ಟಿರುತ್ತದೆ. ಸುಮಾರು ಇಪ್ಪತ್ತೈದು ದಿನಗಳಲ್ಲಿ, ನಾಲ್ಕು ಸಲ ಜ್ವರಕ್ಕೆ ಕೂತು ಪೊರೆ ಕಳಚಿ, ಅದರ ತೂಕ ಹತ್ತು ಸಾವಿರದಷ್ಟಾಗುತ್ತದೆ. ಇಷ್ಟು ಬೆಳೆಯುವ ಜೀವಿ ತಟ್ಟೆಯಿಂದ ಆಚೆಗೆ ಹೋಗುವ ಗೋಜಿಗೇ ಹೋಗುವುದಿಲ್ಲ. ಸೊಪ್ಪು ಹಾಕಿದಲ್ಲಿ ಮೇದು, ಹಾಕಿದಲ್ಲಿಯೇ ಇರುತ್ತದೆ. ಹುಳು ಹಣ್ಣಾಗಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಟ್ಟಾಗ ಮೇಯುವುದನ್ನು ನಿಲ್ಲಿಸಿ, ಎರಡು ಮೂರು ದಿನ ಎಡೆಬಿಡದೆ ತಲೆಯಾಡಿಸುತ್ತ ಮುಕ್ಕಾಲು ಮೈಲಿಯವರೆಗೂ ಎಳೆಯನ್ನು ಸುತ್ತಿಕೊಳ್ಳಬಲ್ಲುದು. ಗೂಡೊಡೆದು ಬಂದ ಚಿಟ್ಟೆ ಏನನ್ನೂ ತಿನ್ನದು, ಒಂದು ಕೂದಲೆಳೆಯಷ್ಟೂ ಬೆಳೆಯದು. ರೆಕ್ಕೆ ಬಡಿಯುತ್ತ ಜೊತೆಯನ್ನರಸಿ ಮೊಟ್ಟೆಯಿಟ್ಟು ಸಾಯುತ್ತದೆ. ಸಾವಿರಾರು ವರ್ಷ ಮನುಷ್ಯನ ಆಶ್ರಯದಲ್ಲಿದ್ದು ಅದು ಹಾರುವುದನ್ನೂ ಕಳೆದುಕೊಂಡಿದೆ. ಕಾಡಿನ ಪತಂಗಗಳಲ್ಲಿ ಭೇದ ಇನ್ನೂ ಸ್ಪಷ್ಟ: ಹುಳುವಿನದು ಬೆಳೆಯುವ ಆಶ್ರಮ, ಪತಂಗದ್ದು ಸಂಚರಿಸುವ ಆಶ್ರಮ.

ಹಾಗಾದರೆ ಪ್ರಾಣಿಗಳಲ್ಲಿ ಬೆಳವಣಿಗೆಗೂ ಚಲನೆಗೂ ನಂಟು ಹರಿದೇಹೋಯಿತೆ? ಇಲ್ಲ. ಅದು ತಲೆಕೆಳಗಾಯಿತು. ಗಿಡದಲ್ಲಿ ಬೆಳವಣಿಗೆ ಚಲನೆಯನ್ನು ಹುಟ್ಟಿಸಿದರೆ, ನಮ್ಮಲ್ಲಿ ಚಲನೆ ಬೆಳವಣಿಗೆಯನ್ನು ತಿದ್ದುತ್ತದೆ. ಕೋಳಿಮೊಟ್ಟೆಯೊಳಗಿನ ಭ್ರೂಣ ಕಾವಿಗೆ ಕೂತ ಸುಮಾರು ನಾಲ್ಕನೆಯ ದಿನಕ್ಕೇ ಮಿಸುಕತೊಡಗುತ್ತದೆ. ಹೋಗುವುದಕ್ಕೆ ಚಿಪ್ಪಿನೊಳಗೆ ಎಡೆಯೆಲ್ಲಿದೆ? ಆದರೂ ಮಿಸುಕುತ್ತದೆ. 1960ರ ದಶಕದ ಪ್ರಯೋಗಗಳಲ್ಲಿ ಔಷಧದಿಂದ ಭ್ರೂಣದ ಸ್ನಾಯುಗಳನ್ನು ಸ್ತಬ್ಧಗೊಳಿಸಿ ನೋಡಿದಾಗ, ಕಾಲಿನ ಕೀಲುಗಳು ಕೀಲುಗಳಾಗಿ ಬೆಳೆಯದೆ ಎಲುಬುಗಳು ಒಂದಕ್ಕೊಂದು ಬೆಸೆದುಕೊಂಡುವು. ಚಲಿಸಿದುದರಿಂದಲೇ ಕೀಲು ಕೀಲಾಯಿತು. ತಾಯಿಯ ಗರ್ಭದಲ್ಲಿ ಶಿಶು ಒದೆಯುವುದೂ ಬರಿಯ ತುಂಟತನವಲ್ಲವೆಂದು ಇದರಿಂದ ತಿಳಿಯಬಹುದು.

ಬೆಳೆದು ಮುಗಿದ ಮೇಲೂ ಈ ಸಂಬಂಧ ಬಿಡುವುದಿಲ್ಲ. ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಾನೇ ಮರಳಿ ಕಟ್ಟಿಕೊಳ್ಳುತ್ತದೆಂಬುದನ್ನು ಬರ್ಲಿನ್ನಿನ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಗ್ರಂಥರೂಪವಾಗಿ ವಿವರಿಸಿದನು. ಭಾರವೇ ತಿಳಿಯದ ಅಂತರಿಕ್ಷದಲ್ಲಿ ತಿಂಗಳುಗಟ್ಟಲೆ ಇರುವ ಯಾತ್ರಿಕರ ಸೊಂಟದ ಎಲುಬು ತಿಂಗಳಿಗೆ ಶೇಕಡಾ ಒಂದರಷ್ಟು ಸವೆಯುತ್ತದೆ. ಅವರು ಅಲ್ಲಿ ದಿನವೂ ಗಂಟೆಗಟ್ಟಲೆ ವ್ಯಾಯಾಮ ಮಾಡುವುದು ಇದಕ್ಕಾಗಿಯೇ.

ಇದು ಪ್ರಾಣಿಗಳಿಗೆ ಮಾತ್ರ ಸೀಮಿತವಾದ ನಿಯಮವೆಂದು ತಿಳಿಯಬೇಡಿರಿ. ಈಗ ನೈಟ್ ಮಹಾಶಯನನ್ನು ಮತ್ತೆ ಕರೆಯೋಣ. ತನ್ನ ನೀರುಚಕ್ರದ ಪ್ರಯೋಗಕ್ಕೂ ಮುಂಚೆ, 1803ರಲ್ಲಿ, ಅವನು ಎಳೆಯ ಸೇಬಿನ ಗಿಡಗಳ ಮೇಲೆ ನಡೆಸಿದ ಇನ್ನೊಂದು ಪರೀಕ್ಷೆಯನ್ನು ಪ್ರಕಟಿಸಿದ್ದನು. ಕೆಲವನ್ನು ಗಾಳಿಗೆ ಅಲ್ಲಾಡದಂತೆ ಗೂಟಕ್ಕೆ ಬಿಗಿದನು. ಕೆಲವನ್ನು ತಮ್ಮಷ್ಟಕ್ಕೆ ತೂಗಾಡಲು ಬಿಟ್ಟನು. ಒಂದನ್ನು ಮಾತ್ರ ಉತ್ತರದಕ್ಷಿಣವಾಗಿ ತೂಗಾಡುವಂತೆಯೂ ಪೂರ್ವಪಶ್ಚಿಮವಾಗಿ ಅಲುಗದಂತೆಯೂ ಕಟ್ಟಿದನು. ಬಿಗಿದ ಕಾಂಡ ಸಣಕಲಾಗಿಯೇ ಉಳಿಯಿತು. ತೂಗಾಡಿದ ಕಾಂಡ ದಪ್ಪನಾಯಿತು. ಉತ್ತರದಕ್ಷಿಣವಾಗಿ ಮಾತ್ರ ತೂಗಾಡಿದ ಗಿಡದ ಕಾಂಡ ದುಂಡಗಿರದೆ ಅಂಡಾಕಾರವಾಯಿತು. ತೂಗಾಡಿದ ದಿಕ್ಕಿನಲ್ಲಿ ಅದರ ದಪ್ಪ ಇನ್ನೊಂದು ದಿಕ್ಕಿಗಿಂತ ಸುಮಾರು ಆರನೆಯ ಒಂದು ಪಾಲಿನಷ್ಟು ಹೆಚ್ಚಾಗಿತ್ತು. ಗಾಳಿ ಅಲ್ಲಾಡಿಸಿದುದನ್ನು ಮರ ತನ್ನ ಮೈಯಾಗಿ ಮಾರ್ಪಡಿಸಿಕೊಂಡಿತು.

ಈ ಪರೀಕ್ಷೆ ನಡೆದು ಇನ್ನೂರು ವರ್ಷಗಳು ಮೀರಿದುವು. ಆದರೂ ನಮ್ಮ ರಸ್ತೆಗಳ ಬದಿಯಲ್ಲಿ, ಶಾಲೆಗಳ ಅಂಗಳದಲ್ಲಿ, ವನಮಹೋತ್ಸವದಲ್ಲಿ ನೆಟ್ಟ ಸಸಿಗಳನ್ನು ನೋಡಿದರೆ ಅದರ ಸುದ್ದಿ ಇನ್ನೂ ಇಲ್ಲಿಗೆ ತಲುಪಿದಂತೆ ಕಾಣದು. ಸಸಿಗಿಂತ ದಪ್ಪನಾದ ಊರುಗೋಲು, ಬುಡದಿಂದ ತುದಿಯವರೆಗೆ ಮೂರು ನಾಲ್ಕು ಕಡೆ ಬಿಗಿದ ಪ್ಲಾಸ್ಟಿಕ್ ಹಗ್ಗ. ಕಾಳಜಿಯಿಂದಲೇ ಮಾಡಿದ ಕೆಲಸವಿದು, ಸಂದೇಹವಿಲ್ಲ. ಆದರೆ ಊರುಗೋಲು ತೆಗೆದ ವರ್ಷವೇ ಅಂತಹ ಸಸಿ ಮೊದಲ ಬಿರುಗಾಳಿಗೆ ಬಾಗಿಬಿಡುತ್ತದೆ. ಮುಂದಿನ ಮುಂಗಾರಿನಲ್ಲಿ ಸಸಿ ನೆಡುವವರು ದಯವಿಟ್ಟು ಇಷ್ಟು ಮಾಡಿರಿ. ದನಕರುಗಳು ಮುಟ್ಟದಂತೆ ಮುಳ್ಳಿನ ಬೇಲಿಯನ್ನು ತಪ್ಪದೆ ಕಟ್ಟಿರಿ. ತನ್ನಷ್ಟಕ್ಕೆ ನಿಲ್ಲಬಲ್ಲ ಸಸಿಗೆ ಊರುಗೋಲು ಬೇಡ. ನಿಲ್ಲದ ಸಸಿಗೆ ಕೆಳಗಡೆ ಒಂದೇ ಕಟ್ಟು ಹಾಕಿ, ಅದನ್ನೂ ಬಾಳೆಯ ನಾರಿನಿಂದ ಸಡಿಲವಾಗಿ ಹಾಕಿ, ತಲೆ ಗಾಳಿಗೆ ಆಡುವಂತೆ ಬಿಡಿರಿ. ಒಂದು ವರ್ಷ ಕಳೆಯುವುದರೊಳಗೆ ಆ ಕಟ್ಟನ್ನೂ ಬಿಚ್ಚಿಬಿಡಿರಿ.